ನೂರು ಬಾಯಿ, ಒಂದೇ ಸಾಕ್ಷಿ

ಇವತ್ತಿನ ಸಂಚಿಕೆ ಒಂದು ತಪ್ಪೊಪ್ಪಿಗೆಯಿಂದ ಶುರುವಾಗುತ್ತೆ. ತಪ್ಪು ನಂದೇ.

ನಮ್ಮೂರು ಕಲಾದಗಿ. ಬಾಗಲಕೋಟೆಯಿಂದ ಬೆಳಗಾವಿ ಕಡೆ ಹೋಗೋ ರಸ್ತೆಯಲ್ಲಿ, ಘಟಪ್ರಭಾ ದಂಡೆಯ ಊರು. ಚಿಕ್ಕು, ದಾಳಿಂಬೆ ತಿಂದಿದ್ರೆ ನಮ್ಮ ಊರಿನ ಹೆಸರು ನಿಮಗೆ ಗೊತ್ತಿರಬಹುದು. ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ಗೆಳೆಯರು ಬಂದ್ರೆ ಅವರನ್ನ ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತಿಸೋ ಕೆಲಸ ನನ್ನದೇ. ಐಹೊಳೆಯ ದುರ್ಗ ಗುಡಿ ಮುಂದೆ ನಿಂತು, ಅದರ ಅರ್ಧವೃತ್ತದ ಹಿಂಭಾಗ ತೋರಿಸಿ, ನಾನು ಪ್ರತಿ ಸಲ ಒಂದೇ ಮಾತು ಹೇಳ್ತಿದ್ದೆ: "ನೋಡ್ರಪಾ, ಇದನ್ನ ನೋಡಿನೇ ಬ್ರಿಟಿಷರು ದಿಲ್ಲಿಯ ಪಾರ್ಲಿಮೆಂಟ್ ಕಟ್ಟಿದ್ದು."

ಎಲ್ಲರೂ "ಓಹ್" ಅಂತಿದ್ರು. ಫೋಟೋ ತೆಗೀತಿದ್ರು. ಒಬ್ಬ ಅದನ್ನ ರೀಲ್ ಮಾಡಿ ಹಾಕಿದ. ಅದನ್ನ ನೋಡಿದ ನಮ್ಮ ಚಿಕ್ಕಪ್ಪನ ಮಗಳು ಒಂದು ಮೆಸೇಜ್ ಕಳಿಸಿದಳು: "ಅಣ್ಣಾ, ಮಧ್ಯಪ್ರದೇಶದವರೂ ತಮ್ಮ ಗುಡಿ ಬಗ್ಗೆ ಇದನ್ನೇ ಅಂತಾರಲ್ಲ. ನಿನಗ ಯಾರು ಹೇಳಿದ್ದು?"

ಹೌದು. ಮೊರೇನಾ ಜಿಲ್ಲೆಯ ಮಿತಾವಲಿ ಅನ್ನೋ ಊರಲ್ಲಿ ಚೌಸಠ್ ಯೋಗಿನಿ ಗುಡಿ ಇದೆ. ಗುಂಡಗಿದೆ. ಪಾರ್ಲಿಮೆಂಟಿಗೆ ಅದೇ ಮಾದರಿ ಅಂತ ಅಲ್ಲಿನವರು ಹೇಳ್ತಾರೆ. ಹಳೇ ಸಂಸತ್ ಭವನವನ್ನ ವಿನ್ಯಾಸ ಮಾಡಿದವರು ಎಡ್ವಿನ್ ಲುಟ್ಯೆನ್ಸ್ ಮತ್ತು ಹರ್ಬರ್ಟ್ ಬೇಕರ್. 1921ರಲ್ಲಿ ಅಡಿಗಲ್ಲು, 1927ರಲ್ಲಿ ಉದ್ಘಾಟನೆ. ಆ ಕಟ್ಟಡ ಪೂರ್ತಿ ವೃತ್ತ. ನಮ್ಮ ದುರ್ಗ ಗುಡಿ ವೃತ್ತ ಅಲ್ಲ. ಆನೆಯ ಬೆನ್ನಿನ ಹಾಗೆ, ಒಂದು ತುದಿ ಮಾತ್ರ ದುಂಡಗೆ. ಆ ಇಬ್ಬರಲ್ಲಿ ಯಾರಾದರೂ ಐಹೊಳೆಯನ್ನ ಮಾದರಿ ಅಂತ ಬರೆದಿಟ್ಟ ಒಂದು ಚೀಟಿಯನ್ನೂ ನನಗೆ ಇವತ್ತಿನವರೆಗೆ ಯಾರೂ ತೋರಿಸಿಲ್ಲ.

ಮತ್ತೆ ನಾನು ಯಾಕೆ ನಂಬಿದ್ದೆ? ಕೂತು ಲೆಕ್ಕ ಹಾಕಿದೆ. ಮೊದಲ ಸಲ ಕೇಳಿದ್ದು ಶಾಲೆಯ ಪ್ರವಾಸದಲ್ಲಿ. ಎರಡನೇ ಸಲ ಮಾವನ ಬಾಯಲ್ಲಿ, ಮೂರನೇ ಸಲ ಯಾರದೋ ಭಾಷಣದಲ್ಲಿ. ನಾಲ್ಕು, ಐದು, ಆರು... ಎಲ್ಲಾ ವಾಟ್ಸ್‌ಆ್ಯಪ್. ಪ್ರತಿ ಸಲ ಕೇಳಿದಾಗಲೂ ನನ್ನ ತಲೆ ಅದನ್ನ ಹೊಸ ಸಾಕ್ಷಿ ಅಂತ ಎಣಿಸಿಕೊಂಡಿತು. ಸಾಕ್ಷಿ ಹೊಸದಲ್ಲ. ಬಾಯಿ ಮಾತ್ರ ಹೊಸದು.

ಇದು ನನ್ನ ಒಬ್ಬನ ಕಥೆಯಲ್ಲ. 1977ರಲ್ಲಿ ಅಮೆರಿಕದ ಮೂವರು ಮನೋವಿಜ್ಞಾನಿಗಳು, ಲಿನ್ ಹ್ಯಾಶರ್, ಡೇವಿಡ್ ಗೋಲ್ಡ್‌ಸ್ಟೀನ್, ಥಾಮಸ್ ಟೊಪಿನೊ, ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಎರಡೆರಡು ವಾರದ ಅಂತರದಲ್ಲಿ ಮೂರು ಸಲ 60 ಹೇಳಿಕೆ ಕೊಟ್ಟರು. ಕೆಲವು ನಿಜ, ಕೆಲವು ಸುಳ್ಳು, ಆದರೆ ಎಲ್ಲವೂ ನಿಜ ಇರಬಹುದು ಅನ್ನಿಸುವಂಥವು. ಪ್ರತಿಯೊಂದು ಎಷ್ಟು ನಿಜ ಅನ್ನಿಸುತ್ತೆ ಅಂತ ಅಂಕ ಹಾಕಬೇಕು. ಅದರಲ್ಲಿ 20 ಹೇಳಿಕೆ ಮೂರು ಸಲವೂ ಬಂದವು. ಆ 20ರ ಅಂಕ ಸಲದಿಂದ ಸಲಕ್ಕೆ ಏರಿತು. ಬಾಕಿಯವು ಅಲ್ಲೇ ಉಳಿದವು.

"ಗೊತ್ತಿಲ್ಲದ ವಿಷಯದಲ್ಲಿ ಮೋಸ ಹೋಗೋದು ಸಹಜ, ಗೊತ್ತಿರೋ ವಿಷಯದಲ್ಲಿ ಹಂಗಾಗಲ್ಲ" ಅಂತೀರಾ? 2015ರಲ್ಲಿ ಲೀಸಾ ಫೇಜಿಯೊ ಮತ್ತು ಸಂಗಡಿಗರು ಇದನ್ನೂ ಪರೀಕ್ಷಿಸಿದರು. ಅವರ ಒಂದು ಸುಳ್ಳು ಹೇಳಿಕೆ ಕೇಳಿದ್ರೆ ಇಳಕಲ್ಲಿನವರು ಬಿದ್ದು ಬಿದ್ದು ನಗ್ತಾರೆ: ಸೀರೆ ಅಂದ್ರೆ ಸ್ಕಾಟ್ಲೆಂಡಿನವರು ತೊಡುವ ನೆರಿಗೆಯ ಗಿಡ್ಡ ಲಂಗ! ಆ ಲಂಗಕ್ಕೆ ಕಿಲ್ಟ್ ಅಂತಾರೆ ಅನ್ನೋದು ಗೊತ್ತಿದ್ದವರಿಗೂ, ಇಂಥ ತಪ್ಪು ಹೇಳಿಕೆ ಎರಡನೇ ಸಲ ಕಣ್ಣಿಗೆ ಬಿದ್ದಾಗ ಸ್ವಲ್ಪ ಹೆಚ್ಚು ನಿಜ ಅನ್ನಿಸಿತ್ತು. ಕಾರಣ ಇಷ್ಟೇ: ಒಮ್ಮೆ ಕೇಳಿದ ಮಾತು ಎರಡನೇ ಸಲ ತಲೆಯೊಳಗೆ ಸಲೀಸಾಗಿ ಇಳಿಯುತ್ತೆ. ಆ ಸಲೀಸನ್ನೇ ಮನಸ್ಸು ಸತ್ಯ ಅಂದ್ಕೊಳ್ಳುತ್ತೆ.

ಈಗ ಐಹೊಳೆಗೆ ವಾಪಸ್ ಬರೋಣ. ಯಾಕಂದ್ರೆ ಇದು ಬರೀ ಗೈಡುಗಳ, ನನ್ನಂಥವರ ಸಮಸ್ಯೆ ಅಲ್ಲ. ದೊಡ್ಡ ದೊಡ್ಡ ವಿದ್ವಾಂಸರೂ ಇದೇ ಬಲೆಗೆ ಬಿದ್ದಿದ್ದಾರೆ.

ದುರ್ಗ ಗುಡಿ ದುರ್ಗಾದೇವಿಯ ಗುಡಿ ಅಂತ ಎಷ್ಟು ಜನ ಅಂದ್ಕೊಂಡಿದ್ದೀರಿ? ಕೈ ಎತ್ತಿ, ನಾನು ನೋಡಲ್ಲ. ಅದು ದುರ್ಗ, ಅಂದ್ರೆ ಕೋಟೆ. ಮಧ್ಯಕಾಲದಲ್ಲಿ ಆ ಗುಡಿ ಊರ ಕೋಟೆಯ ಭಾಗವಾಯಿತು. ಮಾಳಿಗೆ ಮೇಲೆ ಕಾವಲು ಕಟ್ಟೆ ಕಟ್ಟಿದ್ದರು. ಹೆಸರು ಅಲ್ಲಿಂದ ಬಂತು. ಹಾಗಾದ್ರೆ ಯಾರ ಗುಡಿ? ಅಲ್ಲೇ ಬಾಗಿಲ ಹತ್ತಿರದ ಶಾಸನ ಹೇಳುತ್ತೆ: ಕೊಮಾರಸಿಂಗ ಅನ್ನುವವನು ಕಟ್ಟಿಸಿದ ಆದಿತ್ಯನ ಗುಡಿ. ಸೂರ್ಯ ದೇವಾಲಯ. ಉತ್ತರ ಕಲ್ಲಿನ ಮೇಲೇ ಇತ್ತು. ಅದನ್ನ ಯಾರೂ ಓದಿ ಓದಿ ಹೇಳಲಿಲ್ಲ. "ದುರ್ಗಾ, ದುರ್ಗಾ" ಅಂತ ಮಾತ್ರ ದಿನಾ ಹೇಳಿದರು.

1866ರಲ್ಲಿ ಜೇಮ್ಸ್ ಫರ್ಗುಸನ್ ಈ ಸೀಮೆಯ ಗುಡಿಗಳ ಫೋಟೋ ಇರುವ ದೊಡ್ಡ ಪುಸ್ತಕ ತಂದ. ದುಂಡಗಿನ ಹಿಂಭಾಗ ನೋಡಿ ಅವನಿಗೆ ಬೌದ್ಧ ಚೈತ್ಯ ನೆನಪಾಯಿತು. ಚೈತ್ಯದ ಹಾಗಿದೆ, ಆದ್ದರಿಂದ ತುಂಬಾ ಹಳೇದು. ಮುಂದೆ ಬಂದವರು ಆ ಊಹೆಯ ಮೇಲೆ ತಮ್ಮ ಊಹೆ ಇಟ್ಟರು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಒಂದೇ ಗುಡಿಯನ್ನ ವಿದ್ವಾಂಸರು ಹೇಗೆಲ್ಲಾ ಓದಿದರು ಅಂತ ಗ್ಯಾರಿ ಟಾರ್ಟಕೋವ್ ಅನ್ನೋ ಕಲಾ ಇತಿಹಾಸಕಾರ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ.

ಪಕ್ಕದ ಲಾಡ್‌ಖಾನ್ ಗುಡಿಯದು ಇನ್ನೂ ಮಜಾ. ಒಂದು ಕಾಲಕ್ಕೆ ಲಾಡ್ ಖಾನ್ ಅನ್ನೋರು ಅದರೊಳಗೆ ವಾಸವಾಗಿದ್ದರು, ಅವರ ಹೆಸರೇ ಗುಡಿಗೆ ನಿಂತಿತು. ಸಪಾಟು ಮಾಳಿಗೆ, ದಪ್ಪ ಕಂಬ, ಚಪ್ಪಡಿಗಳ ಸಂದಿ ಮುಚ್ಚಲು ಮರದ ತೊಲೆ ಥರದ ಉದ್ದ ಕಲ್ಲು. ಹಳ್ಳಿಯ ಚಾವಡಿ ನೋಡಿದ ಹಾಗೆ. ಇಷ್ಟು ಸರಳವಾಗಿದೆ ಅಂದ ಮೇಲೆ ಎಲ್ಲಕ್ಕಿಂತ ಹಳೇದೇ ಇರಬೇಕು, ಸುಮಾರು ಕ್ರಿ.ಶ. 450, ಅಂತ ಹೆನ್ರಿ ಕಸೆನ್ಸ್ ಅಂದಾಜು ಮಾಡಿದ. ಪರ್ಸಿ ಬ್ರೌನ್ ತನ್ನ ಪುಸ್ತಕದಲ್ಲಿ ಅದನ್ನೇ ಹೇಳಿದ. ಬ್ರೌನ್ ಪುಸ್ತಕ ಓದಿದವರು ಗೈಡ್ ಬರೆದರು, ಗೈಡ್ ಓದಿದವರು ಪರೀಕ್ಷೆ ಬರೆದರು. ಎಷ್ಟೋ ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್‌ನಲ್ಲಿ ಇವತ್ತಿಗೂ ಅದೇ ಇದೆ.

ಒಂದು ಸಣ್ಣ ಲೆಕ್ಕ ಮಾಡಿ. ಬಾದಾಮಿ ಚಾಲುಕ್ಯರ ಮೊದಲ ತೇದಿಯುಳ್ಳ ಶಾಸನ, ಒಂದನೇ ಪುಲಕೇಶಿ ಬಾದಾಮಿ ಕೋಟೆ ಕಟ್ಟಿದ್ದನ್ನ ಹೇಳುವ ಬಂಡೆಗಲ್ಲಿನ ಶಾಸನ, 543ರದು. ಅಂದ್ರೆ ಆ ನೋಟ್ಸ್ ಪ್ರಕಾರ ಗುಡಿ, ಆ ಕೋಟೆಗಿಂತ 90ಕ್ಕೂ ಹೆಚ್ಚು ವರ್ಷ ಮೊದಲೇ ಎದ್ದಿತ್ತು. ಇಂದು ಹೆಚ್ಚಿನ ಕಲಾ ಇತಿಹಾಸಕಾರರು ಅದನ್ನ ಏಳನೇ ಶತಮಾನದ ಕೊನೆಗೆ ಅಥವಾ ಎಂಟನೇ ಶತಮಾನಕ್ಕೆ ಇಡುತ್ತಾರೆ. ಸರಳವಾಗಿ ಕಟ್ಟಿದ್ದೆಲ್ಲಾ ಹಳೇದಲ್ಲ. ನಮ್ಮೂರಲ್ಲಿ ಹೋದ ವರ್ಷ ಕಟ್ಟಿದ ಮಣ್ಣಿನ ಮಾಳಿಗೆ ಮನೆಯೂ ಇದೆ, 50 ವರ್ಷದ ಹಿಂದಿನ ಆರ್‌ಸಿಸಿ ಮನೆಯೂ ಇದೆ.

ಸರಿ, ವಿದ್ವಾಂಸರನ್ನ ಬಿಡಿ. ಈ ಆಟದ ನಿಜವಾದ ಗಟ್ಟಿ ಆಟಗಾರರು ಆ ಗುಡಿಗಳನ್ನ ಕಟ್ಟಿದ ಕಾಲದ ಅರಸರೇ.

ಚಾಲುಕ್ಯರ ತಾಮ್ರಪಟಗಳನ್ನ ಸಾಲಾಗಿ ಜೋಡಿಸಿ ನೋಡಿದ್ರೆ ಶುರು ಹೆಚ್ಚುಕಡಿಮೆ ಒಂದೇ. ನಾವು ಮಾನವ್ಯ ಗೋತ್ರದವರು, ಹಾರೀತಿಯ ಮಕ್ಕಳು, ಸಪ್ತಮಾತೃಕೆಯರು ಸಾಕಿದವರು, ಕಾರ್ತಿಕೇಯ ಕಾಪಾಡಿದವರು, ನಾರಾಯಣನಿಂದ ವರಾಹ ಲಾಂಛನ ಪಡೆದವರು. ಯಾರಿಗೋ ನಾಲ್ಕು ಎಕರೆ ಹೊಲ ದಾನ ಕೊಟ್ಟರೂ ಮೊದಲು ಈ ಪಾಠ. ಅಪ್ಪ ಕೆತ್ತಿಸಿದ್ದನ್ನ ಮಗ ಕೆತ್ತಿಸಿದ, ಅದನ್ನ ಮೊಮ್ಮಗ ಕೆತ್ತಿಸಿದ. ಇವತ್ತಿನ ಭಾಷೆಯಲ್ಲಿ ಕಾಪಿ-ಪೇಸ್ಟ್.

ಈ ಪಾಠದ ಒಂದು ಸಾಲನ್ನ ಮಾತ್ರ ಹಿಡ್ಕೊಳ್ಳೋಣ. ಇಮ್ಮಡಿ ಪುಲಕೇಶಿಗೆ 'ಪರಮೇಶ್ವರ' ಅನ್ನೋ ಬಿರುದು ಹೇಗೆ ಬಂತು? ಶಾಲೆಯಲ್ಲಿ ನಾವೆಲ್ಲಾ ಓದಿದ್ದು: ಉತ್ತರದ ಹರ್ಷವರ್ಧನನನ್ನ ನರ್ಮದೆಯ ಬಳಿ ಸೋಲಿಸಿ ಪಡೆದ ಬಿರುದು. ಇದಕ್ಕೆ ಆಧಾರ ಇದೆ. ಪುಲಕೇಶಿಯ ಮಗ ಒಂದನೇ ವಿಕ್ರಮಾದಿತ್ಯ, ಅವನ ಮಗ ವಿನಯಾದಿತ್ಯ, ಅವನ ಮಗ ವಿಜಯಾದಿತ್ಯ, ಇವರ ಕಾಲದ ತಾಮ್ರಪಟಗಳು ಹಾಗೇ ಹೇಳುತ್ತವೆ. ಒಂದಲ್ಲ ಎರಡಲ್ಲ, ಸಾಲು ಸಾಲು ಪಟಗಳು.

ಆದರೆ ಪುಲಕೇಶಿ ಬದುಕಿದ್ದಾಗಲೇ, 612-13ರಲ್ಲಿ, ಅವನೇ ಹೊರಡಿಸಿದ ಒಂದು ತಾಮ್ರಪಟ ಇದೆ. ಹೈದರಾಬಾದ್ ತಾಮ್ರಪಟ ಅಂತ ಹೆಸರು. ಅದರಲ್ಲೂ ಪರಮೇಶ್ವರ ಬಿರುದಿದೆ. ಹೇಗೆ ಬಂತು? ನೂರು ಕಾಳಗಗಳಲ್ಲಿ ಎದುರಾದ ವೈರಿ ಅರಸರನ್ನ ಗೆದ್ದಿದ್ದರಿಂದ ಬಂತು ಅನ್ನುತ್ತೆ. ಹರ್ಷನ ಹೆಸರೇ ಇಲ್ಲ. ಹರ್ಷನ ಜೊತೆಗಿನ ಯುದ್ಧ ಯಾವಾಗ ನಡೀತು ಅಂತ ಬಹಳ ದಿನ ಜಗಳ ಇತ್ತು. ಕೆಲವು ವರ್ಷಗಳ ಹಿಂದೆ ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸರು 619ರ ಏಪ್ರಿಲ್‌ನ ಇನ್ನೊಂದು ತಾಮ್ರಪಟ ಪ್ರಕಟಿಸಿ, ಯುದ್ಧ ನಡೆದದ್ದು 618-19ರ ಚಳಿಗಾಲದಲ್ಲಿ ಅಂತ ವಾದಿಸಿದರು. ಅದು ಸರಿಯಾದ್ರೆ, ಬಿರುದು ಮೊದಲು ಬಂತು, ಹರ್ಷ ಸೋತದ್ದು ಆಮೇಲೆ.

ಅಂದ್ರೆ ಏನಾಯ್ತು? ಗೆಲುವು ನಿಜ, ಬಿರುದೂ ನಿಜ. ಎರಡನ್ನೂ ಕಟ್ಟಿದ ಗಂಟು ಮಾತ್ರ ಆಮೇಲೆ ಬಿದ್ದದ್ದು. 'ನೂರಾರು ವೈರಿಗಳು' ಅಂದ್ರೆ ಯಾರಿಗೂ ನೆನಪಿರಲ್ಲ. 'ಹರ್ಷ' ಅಂದ್ರೆ ನೆನಪಿರುತ್ತೆ. ಮಕ್ಕಳು ಮೊಮ್ಮಕ್ಕಳು ಆ ಸೊಗಸಾದ ಸಾಲನ್ನ ನೂರು ವರ್ಷ ಕೆತ್ತಿಸಿದರು. 1300 ವರ್ಷ ಆದಮೇಲೆ ನಾವು ಪರೀಕ್ಷೆಯಲ್ಲಿ ಬರೆದು ಎರಡು ಅಂಕ ತಗೊಂಡ್ವಿ.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಎಂಟನೇ ಶತಮಾನದ ಮಧ್ಯದಲ್ಲಿ ರಾಷ್ಟ್ರಕೂಟರು ಬಾದಾಮಿ ಚಾಲುಕ್ಯರನ್ನ ಕೆಡವಿದರು. 973ರಲ್ಲಿ ಚಾಲುಕ್ಯರ ಹೆಸರಿನಲ್ಲೇ ಕಲ್ಯಾಣದ ವಂಶ ಎದ್ದಿತು. ಮಧ್ಯೆ 200ಕ್ಕೂ ಹೆಚ್ಚು ವರ್ಷದ ಕತ್ತಲೆ. ಹೊಸಬರಿಗೆ ಹಳೇ ಹೆಸರು ಬೇಕಿತ್ತು. 1009ರ ಕೌಠೇಮ್ ತಾಮ್ರಪಟದಲ್ಲಿ ಒಂದು ಹೊಸ ಕಥೆ ಕಾಣುತ್ತೆ: ಚಾಲುಕ್ಯರ 59 ಅರಸರು ಅಯೋಧ್ಯೆಯಲ್ಲಿ ಆಳಿದರು, ಆಮೇಲೆ 16 ಮಂದಿ ದಕ್ಷಿಣದಲ್ಲಿ. ಅದೇ ಕಾಲಕ್ಕೆ ವೆಂಗಿಯ ಪೂರ್ವ ಚಾಲುಕ್ಯರ ಶಾಸನದಲ್ಲೂ ಅಯೋಧ್ಯೆಯ 59 ಅರಸರು ಬರ್ತಾರೆ. ಬಾದಾಮಿಯವರ ಶಾಸನಗಳಲ್ಲಿ ಅಯೋಧ್ಯೆಯ ಸುದ್ದಿಯೇ ಇಲ್ಲ. 59 ಅಂತ ಖಚಿತ ಸಂಖ್ಯೆ ಹೇಳಿದ್ರೆ ಯಾರೋ ಎಣಿಸಿರಬೇಕು ಅನ್ನಿಸುತ್ತೆ ನೋಡಿ. ಇವತ್ತಿನ ಫಾರ್ವರ್ಡ್ ಮೆಸೇಜುಗಳಲ್ಲೂ ಸಂಖ್ಯೆ ಹಾಕೋದು ಅದಕ್ಕೇ.

ಇಲ್ಲಿ ನಿಮಗೊಂದು ಸಂಶಯ ಬರಬೇಕು. ಬರದಿದ್ರೆ ನಾನು ಸರಿಯಾಗಿ ಹೇಳಿಲ್ಲ ಅಂತ ಅರ್ಥ. ಹಾಗಾದ್ರೆ ಹರ್ಷನನ್ನ ತಡೆದದ್ದೂ ಸುಳ್ಳೇ? ಮನೆತನದವರೇ ಬರೆಸಿದ್ದು ತಾನೇ ಅದು?

ಇಲ್ಲ. ಅದನ್ನ ನಂಬೋಕೆ ಬೇರೆ ಕಾರಣ ಇದೆ. ಆ ಕಾಲದಲ್ಲೇ ಚೀನಾದಿಂದ ಬಂದ ಯಾತ್ರಿಕ ಹ್ಯುಯೆನ್‌ತ್ಸಾಂಗ್, ಹರ್ಷನ ಆತಿಥ್ಯ ಉಂಡವನು, ಹರ್ಷನನ್ನ ಬಾಯ್ತುಂಬ ಹೊಗಳಿದವನು. ಅಂಥವನೂ ಬರೀತಾನೆ: ಹರ್ಷ ದಂಡು ಕಟ್ಟಿಕೊಂಡು ಹೋದರೂ ಪುಲಕೇಶಿಯ ಜನ ಮಣಿಯಲಿಲ್ಲ. ಅವನಿಗೆ ಬಾದಾಮಿಯ ತಾಮ್ರಪಟ ನೋಡಿ ಬರೆಯೋ ಅಗತ್ಯ ಇರಲಿಲ್ಲ. ಪುಲಕೇಶಿಯನ್ನ ಹೊಗಳಿ ಅವನಿಗೆ ಲಾಭವೂ ಇರಲಿಲ್ಲ. ಚಾಲುಕ್ಯರ ಪಟಗಳು ಎಷ್ಟೇ ಸಿಗಲಿ, ಒಂದನ್ನ ನೋಡಿ ಇನ್ನೊಂದು ಬರೆದಿದ್ದರೆ ಸಾಕ್ಷಿ ಒಂದೇ. ಹ್ಯುಯೆನ್‌ತ್ಸಾಂಗ್ ಎರಡನೇ ಸಾಕ್ಷಿ. ಆ ಎಲ್ಲಾ ಪಟಗಳಿಗಿಂತ ಈ ಒಬ್ಬನ ಮಾತಿನ ತೂಕ ಹೆಚ್ಚು.

ಈ ಲೆಕ್ಕ ಹಿಡಿದ್ರೆ ಜನಪದದ ಮಾತನ್ನೂ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. ನಮ್ಮ ಪಕ್ಕದ ಮುಧೋಳ ಸೀಮೆಯ ಹಲಗಲಿ ಗೊತ್ತಲ್ಲ? 1857ರ ನವೆಂಬರ್ ಕೊನೆಯಲ್ಲಿ, ಹತಾರ ಒಪ್ಪಿಸಬೇಕು ಅನ್ನೋ ಕಾಯ್ದೆಗೆ ಅಲ್ಲಿನ ಬೇಡರು ಒಪ್ಪಲಿಲ್ಲ. ಬ್ರಿಟಿಷ್ ದಂಡು ಊರಿಗೆ ಬೆಂಕಿ ಇಟ್ಟಿತು, ಹಲವರನ್ನ ಗಲ್ಲಿಗೇರಿಸಿತು. ಸರಕಾರದ ಕಾಗದದಲ್ಲಿ ಅವರು ದಂಗೆಕೋರರು. ಲಾವಣಿ ಹಾಡುವವರ ಬಾಯಲ್ಲಿ ಜಡಗ, ಬಾಲ ಅಂತ ಹೆಸರಿರುವ ವೀರರು. ಸುತ್ತಿ ಸುತ್ತಿ ಬರುವ ಪಲ್ಲವಿ ಇಲ್ಲದಿದ್ರೆ ಆ ಹೆಸರುಗಳು ನಮ್ಮ ಕೈಗೆ ಹೀಗೆ ಸಿಗ್ತಿರಲಿಲ್ಲ. ಈ ಲಾವಣಿಯನ್ನ ಸಂಗ್ರಹಿಸಿ ಅಚ್ಚು ಹಾಕಿಸಿದ್ದು, ಚಾಲುಕ್ಯರ ಶಾಸನಗಳನ್ನ ಓದಿದ ಅದೇ ಇಂಗ್ಲಿಷ್ ಅಧಿಕಾರಿ, ಜೆ.ಎಫ್. ಫ್ಲೀಟ್. ಊರು ಸುಟ್ಟವರ ಕಾಗದ, ಸುಡಿಸಿಕೊಂಡವರ ಹಾಡು. ಇಬ್ಬರೂ ಒಬ್ಬರನ್ನೊಬ್ಬರು ಕೇಳಿ ಬರೆದದ್ದಲ್ಲ. ಆದರೂ ಘಟನೆ ಒಂದೇ. ಎರಡು ಸಾಕ್ಷಿ.

ಅಂದ್ರೆ ಮತ್ತೆ ಮತ್ತೆ ಹೇಳೋದೇ ಕೆಟ್ಟದ್ದಲ್ಲ. ಹೇಳದೇ ಹೋದ್ರೆ ನಿಜವೂ ಸಾಯುತ್ತೆ. ಇದನ್ನ ನನಗೆ ಕಲಿಸಿದ್ದು ನಮ್ಮ ಅಜ್ಜ. ಅವನು ಹೋದ ಮೇಲೆ.

ಅಜ್ಜ ಒಂದು ಮಾತು ಹೇಳ್ತಿದ್ದ: "ಒಂದ್ ಕಾಲಕ್ಕ ನಮ್ಮೂರು ಜಿಲ್ಲಾ ಇತ್ತಲೇ. ಬಾಗಲಕೋಟಿ, ಬಾದಾಮಿ, ಬಿಜಾಪುರ ಎಲ್ಲಾ ಕಲಾದಗಿ ಜಿಲ್ಲಾದಾಗ." ನಾವು ಹುಡುಗರು ನಕ್ಕು ನಕ್ಕು ಸಾಯ್ತಿದ್ವಿ. ನಾನೇ ಒಂದ್ಸಲ ಕೇಳಿದ್ದೆ, "ಕಲೆಕ್ಟರ್ ಸಾಹೇಬ್ರು ಎಲ್ಲಿ ಕುಂದರ್ತಿದ್ರು ಅಜ್ಜಾ, ಚಿಕ್ಕು ಗಿಡದ ಮ್ಯಾಲೇನು?" ಅಜ್ಜ ಸಿಟ್ಟಾಗಲಿಲ್ಲ. ಆಮೇಲೆ ಆ ಮಾತು ಹೇಳೋದನ್ನೇ ಬಿಟ್ಟ.

ಚಿಕ್ಕಪ್ಪನ ಮಗಳ ಮೆಸೇಜ್ ಬಂದ ಮೇಲೆ, ದುರ್ಗ ಗುಡಿ ಬಗ್ಗೆ ಮೊದಮೊದಲು ಯಾರು ಬರೆದ್ರು ಅಂತ ಹುಡುಕ್ತಾ ಇದ್ದೆ. ರಾತ್ರಿ, ಫೋನ್‌ನಲ್ಲೇ. ಜೇಮ್ಸ್ ಬರ್ಜೆಸ್ ಅನ್ನೋ ಪುರಾತತ್ವ ಅಧಿಕಾರಿಯ ವರದಿ ಸಿಕ್ಕಿತು. 1874ರ ಜನವರಿಯಿಂದ ಮೇವರೆಗೆ ಬಾದಾಮಿ, ಪಟ್ಟದಕಲ್ಲು, ಐಹೊಳೆ ಎಲ್ಲಾ ಸುತ್ತಿ ಬರೆದದ್ದು. ಮೊದಲ ಪುಟ ತೆರೆದೆ. ವರದಿಯ ಹೆಸರಲ್ಲೇ ಇತ್ತು: ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳು.

ಕಲಾದಗಿ ಜಿಲ್ಲೆ.

ಅಜ್ಜ ಹೇಳಿದ್ದು ಅಕ್ಷರಶಃ ನಿಜ. ಮುಂಬೈ ಪ್ರಾಂತ್ಯದಲ್ಲಿ ಕಲಾದಗಿ ಜಿಲ್ಲಾ ಕೇಂದ್ರವಾಗಿತ್ತು. 1885ರಲ್ಲಿ ಕೇಂದ್ರ ಬಿಜಾಪುರಕ್ಕೆ ಹೋಯಿತು. ಆಮೇಲೆ 1997ರಲ್ಲಿ ಬಾಗಲಕೋಟೆಯೇ ಬೇರೆ ಜಿಲ್ಲೆ ಆಯಿತು, ನಾವು ಅದರೊಳಗಿನ ಒಂದು ಊರಾಗಿ ಉಳಿದ್ವಿ. ಭೂವಿಜ್ಞಾನ ಓದುವವರಿಗೆ ಮಾತ್ರ ನಮ್ಮ ಹೆಸರು ದಿನಾ ಬೇಕು. ಬಾದಾಮಿಯ ಕೆಂಪು ಬಂಡೆ ಸೇರಿದಂತೆ ಈ ಸೀಮೆಯ ಹಳೇ ಶಿಲಾಪದರಗಳ ದೊಡ್ಡ ಗುಂಪಿಗೆ ಅವರು ಕೊಟ್ಟ ಹೆಸರು ಕಲಾದಗಿ. ಅವರು ಪಾಠದಲ್ಲಿ ಮತ್ತೆ ಮತ್ತೆ ಹೇಳಿದರು, ಉಳಿಯಿತು. ನಾವು ಊರಲ್ಲಿ ಹೇಳಲಿಲ್ಲ, ಮರೆತ್ವಿ.

ಆ ರಾತ್ರಿ ನನಗೆ ಕೆಟ್ಟದೆನಿಸಿದ್ದು ಪಾರ್ಲಿಮೆಂಟ್ ವಿಷಯಕ್ಕಲ್ಲ. ನೂರು ಜನ ಹೇಳಿದ ಮಾತನ್ನ ಕಣ್ಣು ಮುಚ್ಚಿ ನಂಬಿದ್ದೆ, ಇನ್ನೂ ನೂರು ಜನಕ್ಕೆ ಹಂಚಿದ್ದೆ. ಒಬ್ಬನೇ ಮುದುಕ ಹೇಳಿದ ಮಾತನ್ನ, ಒಬ್ಬನೇ ಹೇಳ್ತಾನೆ ಅನ್ನೋ ಒಂದೇ ಕಾರಣಕ್ಕೆ ನಕ್ಕು ತಳ್ಳಿದ್ದೆ. ಎರಡು ಸಲವೂ ನಾನು ಬಾಯಿ ಎಣಿಸಿದ್ದೆ. ಸಾಕ್ಷಿ ಕೇಳಿರಲಿಲ್ಲ. ಅಜ್ಜನಿಗೆ "ನಿನಗ ಯಾರು ಹೇಳಿದ್ರು?" ಅಂತ ಒಂದು ಮಾತು ಕೇಳಿದ್ದಿದ್ರೆ, ಅವನಪ್ಪನೋ ಮುತ್ತಜ್ಜನೋ ಕಚೇರಿಗೆ ಹೋಗಿಬಂದ ಕಥೆ ಸಿಗ್ತಿತ್ತೋ ಏನೋ. ಈಗ ಕೇಳೋಕೆ ಅವನಿಲ್ಲ.

ಅದಕ್ಕೇ ಈ ಸಂಚಿಕೆಯಿಂದ ನೀವು ಒಂದೇ ಒಂದನ್ನ ತಗೊಂಡು ಹೋಗೋದಿದ್ರೆ, ನಮ್ಮ ಹುಡುಗಿಯ ಆ ಪ್ರಶ್ನೆಯನ್ನ ತಗೊಂಡು ಹೋಗಿ: ನಿನಗೆ ಯಾರು ಹೇಳಿದ್ದು? ಅವರಿಗೆ ಯಾರು ಹೇಳಿದ್ದು? ಈ ದಾರಿಯಲ್ಲಿ ಹಿಂದಕ್ಕೆ ಹೋದಾಗ ಹತ್ತು ದಾರಿ ಒಂದೇ ಬಾಗಿಲಿಗೆ ಬಂದು ನಿಂತ್ರೆ, ಸಾಕ್ಷಿ ಒಂದೇ ಅಂತ ತಿಳಿಯಿರಿ. ಬೇರೆ ಬೇರೆ ಬಾಗಿಲಿಗೆ ಹೋದ್ರೆ ನಂಬಿಕೆಗೆ ಜಾಗ ಇದೆ. ನಾನು ಇವತ್ತು ಹೇಳಿದ್ದಕ್ಕೂ ಇದೇ ನಿಯಮ. ನಾನೂ ಒಂದು ಬಾಯಿ ಅಷ್ಟೇ.

ಐಹೊಳೆಗೆ ನಾನು ಈಗಲೂ ಗೆಳೆಯರನ್ನ ಕರ್ಕೊಂಡು ಹೋಗ್ತೀನಿ. ದುರ್ಗ ಗುಡಿ ಮುಂದೆ ಕೊಮಾರಸಿಂಗನ ಹೆಸರು ಹೇಳ್ತೀನಿ, ಸೂರ್ಯನ ಗುಡಿ ಅಂತೀನಿ. "ಓಹ್" ಅನ್ನೋದು ಸ್ವಲ್ಪ ಕಡಿಮೆಯಾಗಿದೆ. ವಾಪಸ್ ಬರುವಾಗ ಕಲಾದಗಿಯಲ್ಲಿ ಗಾಡಿ ನಿಲ್ಲಿಸಿ, ಚಿಕ್ಕು ಕೊಡಿಸಿ, "ಇದು ಒಂದ್ ಕಾಲಕ್ಕ ಜಿಲ್ಲಾ ಇತ್ತು" ಅಂತೀನಿ. ಎಲ್ಲರೂ ನಗ್ತಾರೆ. ನಗಲಿ. ನಾನು ಮುಂದಿನ ಸಲವೂ ಹೇಳ್ತೀನಿ.